ಸೊಪ್ಪಿನ ಬೆಟ್ಟದಲ್ಲಿ ಮರಗಳಿವೆ, ಮರಿಗಳಿಲ್ಲ

ಪ್ರಶ್ನೆ: ನಮ್ಮದು ಶಿರಸಿ ತಾಲ್ಲೂಕು. ಎರಡು ಎಕರೆ ಅಡಿಕೆ ತೋಟ, ಅದಕ್ಕೆ ಹೊಂದಿ ಹನ್ನೊಂದು ಎಕರೆ ಸೊಪ್ಪಿನ ಬೆಟ್ಟ ಇದೆ. ಅಜ್ಜನ ಕಾಲದ ಮತ್ತಿ, ಹುಣಾಲು, ನಂದಿ ಮರಗಳು ಈಗ ಗಳದಂತೆ ನೆಟ್ಟಗೆ ನಿಂತಿವೆ, ಕೆಲವು ತುದಿಯಿಂದ ಒಣಗುತ್ತಿವೆ. ಕೆಳಗೆಲ್ಲ ಯುಪಟೋರಿಯಂ ಕಳೆ, ಮುಳ್ಳುಕಂಟಿ. ಸಣ್ಣ ಗಿಡಗಳೇ ಇಲ್ಲ. ಕುರುಚಲನ್ನೆಲ್ಲ ಸವರಿ ಅಕೇಶಿಯಾ ಹಾಕಿ ಎಂದು ಒಬ್ಬರು ಹೇಳುತ್ತಾರೆ, ಬೇಲಿ ಹಾಕಿ ಹತ್ತು ವರ್ಷ ಆ ಕಡೆ ತಲೆಯೇ ಹಾಕಬೇಡಿ ಎಂದು ಇನ್ನೊಬ್ಬರು. ಯಾವುದು ಸರಿ? ಯಾವ ಮರ-ಗಿಡ ಉಳಿಸಬೇಕು, ಯಾವುದನ್ನು ತೆಗೆಯಬೇಕು, ಯಾವುದನ್ನು ನೆಡಬೇಕು?

ಉತ್ತರ: ಎರಡೂ ಬೇಡ. ಕುರುಚಲನ್ನು ಪೂರ್ತಿ ಸವರಿದರೆ ಅದರೊಳಗೆ ಅಡಗಿ ಬದುಕಿರುವ ಮರಿಗಳೂ ಅದರ ಜೊತೆಗೇ ಹೋಗುತ್ತವೆ. ಹತ್ತು ವರ್ಷ ಬೆಟ್ಟದ ಕಡೆ ತಲೆ ಹಾಕದಿದ್ದರೆ ಯುಪಟೋರಿಯಂ ತಲೆಯೆತ್ತರ ಬೆಳೆದು, ಒಂದು ಬೇಸಿಗೆಯಲ್ಲಿ ಬೆಂಕಿ ಬಿದ್ದು, ಉಳಿದ ಮರಗಳ ಬುಡವೂ ಬೇಯುತ್ತದೆ. ಸೊಪ್ಪಿನ ಬೆಟ್ಟ ಎಂದರೆ ತೋಟದ ಗೊಬ್ಬರಕ್ಕೆ ಬೇಕಾದ ಸೊಪ್ಪಿಗಾಗಿ ತಲೆಮಾರುಗಳಿಂದ ತೋಟಿಗರು ಕತ್ತಿ ಹಿಡಿದು ರೂಪಿಸಿದ ಕಾಡು. ಕತ್ತಿಯನ್ನು ಎಲ್ಲಿ, ಯಾವ ತಿಂಗಳು, ಎಷ್ಟು ಆಡಿಸುತ್ತೀರಿ ಎಂಬುದನ್ನು ಬದಲಿಸಿದರೆ ಅದರ ಮುಕ್ಕಾಲು ಕಾಯಿಲೆ ವಾಸಿಯಾಗುತ್ತದೆ.

ನೀವು ಬರೆದದ್ದರಲ್ಲಿ ನಿಜವಾಗಿ ಚಿಂತೆಯ ಮಾತು ‘ಸಣ್ಣ ಗಿಡಗಳೇ ಇಲ್ಲ’ ಎಂಬುದು. ತುದಿ ಒಣಗಿದ ಮರ ಕಣ್ಣಿಗೆ ಕಾಣುತ್ತದೆ, ಹುಟ್ಟದೇ ಹೋದ ಮರ ಕಾಣುವುದಿಲ್ಲ. ನಡುವಿನ ಒಂದು ತಲೆಮಾರೇ ತಪ್ಪಿದೆ. ಅದು ಯಾಕೆ ತಪ್ಪಿತು ಎಂದು ತಿಳಿಯದೆ ನರ್ಸರಿಯಿಂದ ಐನೂರು ಸಸಿ ತಂದು ನೆಟ್ಟರೆ ಅವಕ್ಕೂ ಅದೇ ಗತಿ.

ಮೊದಲು ಒಂದು ಎಚ್ಚರಿಕೆ. ಮುಂಬಯಿ ಪ್ರಾಂತದ ಆಡಳಿತದ ಕಾಲದಲ್ಲಿ ಉತ್ತರ ಕನ್ನಡದ ತೋಟಿಗರಿಗೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಎಂಬ ಲೆಕ್ಕದಲ್ಲಿ ಸಿಕ್ಕಿದ್ದು ಸೌಲಭ್ಯ, ಒಡೆತನ ಅಲ್ಲ. ಸೊಪ್ಪು, ದರಕು (ಉದುರಿದ ಒಣ ಎಲೆ), ಹುಲ್ಲು ತರಬಹುದು. ನಿಂತ ಮರ, ಒಣಗಿದ್ದೇ ಆಗಿರಲಿ, ಅನುಮತಿ ಇಲ್ಲದೆ ಕಡಿಯುವಂತಿಲ್ಲ. ಅಗಳ (ಕಂದಕ) ತೋಡುವುದು, ಬೇಲಿ ಹಾಕುವುದು, ಹೊಸ ಜಾತಿ ನೆಡುವುದು ಇವಕ್ಕೂ ವಲಯ ಅರಣ್ಯ ಕಚೇರಿಯಲ್ಲಿ ಮೊದಲೇ ಲಿಖಿತವಾಗಿ ಕೇಳಿಕೊಳ್ಳಿ. ಬೀಟೆ, ಶ್ರೀಗಂಧ, ತೇಗದ ವಿಷಯದಲ್ಲಿ ಇನ್ನೂ ಹೆಚ್ಚು ಜಾಗ್ರತೆ ಬೇಕು. ಮುಂದೆ ‘ಕಡಿಯಿರಿ’ ಎಂದು ಬರೆದಲ್ಲೆಲ್ಲ ಕೊಂಬೆ, ಪೊದೆ, ಕಳೆ ಎಂದೇ ಓದಿಕೊಳ್ಳಿ.

ಎಣಿಸದೆ ಏನನ್ನೂ ಮಾಡಬೇಡಿ

33 ಅಡಿ ಉದ್ದ, 33 ಅಡಿ ಅಗಲದ ಚೌಕ ಎಂದರೆ ಸರಿಯಾಗಿ ಒಂದು ಗುಂಟೆ. ಅಷ್ಟು ಉದ್ದದ ಹಗ್ಗ ಕತ್ತರಿಸಿಕೊಂಡು ಬೆಟ್ಟದಲ್ಲಿ ಹತ್ತು ಕಡೆ ಚೌಕ ಹಾಕಿ. ಜಾಗವನ್ನು ಕಣ್ಣಿಂದ ಆರಿಸಬೇಡಿ, ಆರಿಸಿದರೆ ಕೈ ತಾನಾಗಿ ಚೆನ್ನಾಗಿರುವ ಕಡೆಗೇ ಹೋಗುತ್ತದೆ. ಒಂದು ಮೂಲೆಯಿಂದ ನೆಟ್ಟಗೆ ನಡೆಯುತ್ತ ಪ್ರತಿ ನೂರು ಹೆಜ್ಜೆಗೆ ಒಂದು ಚೌಕ ಹಾಕಿದರೆ ಸಾಕು. ನಾಲ್ಕು ಮೂಲೆಗೂ ಚಿರೇಕಲ್ಲು ನೆಟ್ಟು ಬಣ್ಣ ಹಚ್ಚಿ, ಮುಂದೆ ಬೇಕಾಗುತ್ತದೆ.

ಪ್ರತಿ ಚೌಕದಲ್ಲಿ ಮರಜಾತಿಯ ಗಿಡಗಳನ್ನು ನಾಲ್ಕು ಸಾಲಾಗಿ ಬರೆಯಿರಿ: ಮೊಣಕಾಲಿಗಿಂತ ಗಿಡ್ಡ, ಮೊಣಕಾಲಿನಿಂದ ಹತ್ತು ಅಡಿವರೆಗೆ, ಅದಕ್ಕಿಂತ ಎತ್ತರ ಆದರೆ ಎದೆಮಟ್ಟದಲ್ಲಿ ಸುತ್ತಳತೆ ಒಂದು ಅಡಿಗಿಂತ ಕಡಿಮೆ, ಒಂದು ಅಡಿಗಿಂತ ದಪ್ಪ. ಹತ್ತು ಗುಂಟೆಯ ಒಟ್ಟು ಮೊತ್ತವನ್ನು ನಾಲ್ಕರಿಂದ ಗುಣಿಸಿದರೆ ಎಕರೆಯ ಲೆಕ್ಕ ಬಂತು. ಎಣಿಕೆಗೆ ಆಗಸ್ಟ್-ಸೆಪ್ಟೆಂಬರ್ ಒಳ್ಳೆಯ ಕಾಲ, ಆಗ ಎಲ್ಲಕ್ಕೂ ಎಲೆ ಇರುತ್ತದೆ.

ನಮ್ಮ ಅಂದಾಜಿನಲ್ಲಿ ಸೊಪ್ಪಿಗೆ ಒದಗುವ ಬೆಟ್ಟದಲ್ಲಿ ಎಕರೆಗೆ 60-80 ದಪ್ಪ ಮರ, ಕಡಿಮೆಯೆಂದರೆ ಅಷ್ಟೇ ಎಳೆಮರ, ಅದರ ಮೂರು ಪಟ್ಟು ಎರಡನೆಯ ಸಾಲಿನ ಗಿಡ ಇರಬೇಕು. ನಿಮ್ಮಂಥ ಬೆಟ್ಟಗಳಲ್ಲಿ ಸಾಮಾನ್ಯವಾಗಿ ಮೊದಲ ಸಾಲು ತುಂಬಿರುತ್ತದೆ, ನಾಲ್ಕನೆಯದು ಪರವಾಗಿಲ್ಲ, ನಡುವಿನ ಎರಡು ಸಾಲು ಖಾಲಿ. ಹಾಗಿದ್ದರೆ ಬೀಜ ಹುಟ್ಟುತ್ತಿದೆ, ಮೇಲೇಳುತ್ತಿಲ್ಲ ಎಂದು ಅರ್ಥ. ಅಲ್ಲಿ ನೆಡುವ ಕೆಲಸವೇ ಇಲ್ಲ, ಕಾಯುವ ಕೆಲಸ ಮಾತ್ರ. ಮೊದಲ ಸಾಲೂ ಖಾಲಿ ಇದ್ದರೆ ಬೀಜವೇ ನೆಲಕ್ಕೆ ತಲುಪುತ್ತಿಲ್ಲ.

ಎಣಿಸುವಾಗ ಗುರುತು ತಪ್ಪಬಾರದು. ಮತ್ತಿಯ ತೊಗಟೆ ಕಪ್ಪು, ಮೊಸಳೆ ಚರ್ಮದಂತೆ ಆಳವಾಗಿ ಚೌಕ ಚೌಕ ಸೀಳಿರುತ್ತದೆ. ಎಲೆ ಮಗುಚಿದರೆ ತೊಟ್ಟಿನ ಹತ್ತಿರ ನಡುನರದ ಮೇಲೆ ಒಂದೆರಡು ಗಂಟು ಕಾಣುತ್ತವೆ. ಹುಣಾಲಿನ ತೊಗಟೆಯ ಸೀಳು ಅಷ್ಟು ಆಳವಿಲ್ಲ. ಮಳೆಗಾಲ ಕಳೆದ ಮೇಲೆ ಅದರ ನೆತ್ತಿ ಕಾಯಿಯಿಂದ ತುಕ್ಕುಗೆಂಪಾಗುವುದು ದೂರದಿಂದಲೇ ಕಾಣುತ್ತದೆ. ನಂದಿಯ ಮೈ ಬೆಳ್ಳಗೆ ನುಣುಪು, ತೆಳುವಾಗಿ ಸಿಪ್ಪೆ ಬಿಡುತ್ತದೆ. ಹೊನ್ನೆಯ ತೊಗಟೆಗೆ ಉಗುರಿನಷ್ಟು ಗಾಯ ಮಾಡಿದರೂ ರಕ್ತದಂಥ ಅಂಟು ಒಸರುತ್ತದೆ.

ಬೀಜ ಕೊಟ್ಟಿಗೆಗೆ ಹೋಗುತ್ತಿದೆ

ಮತ್ತಿಯ ಒಂದು ಕಾಯಿ ಕೈಯಲ್ಲಿ ಹಿಡಿದು ನೋಡಿ. ನಡುವೆ ಗಟ್ಟಿ ದಿಂಡು, ಸುತ್ತ ಐದು ರೆಕ್ಕೆ, ಎರಡು ಇಂಚಿನೊಳಗಿನ ಉದ್ದ; ಒಣಗಿದಾಗ ಕಂದು ಕಾಗದದಂತೆ ಗರಗರ ಎನ್ನುತ್ತದೆ. ಅದು ಉದುರುವುದು ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ಹುಣಾಲು, ಹೊನ್ನೆ, ನಂದಿಗಳ ರೆಕ್ಕೆಬೀಜಗಳೂ ಹೆಚ್ಚುಕಡಿಮೆ ಅದೇ ಬೇಸಿಗೆಯಲ್ಲಿ ಗಾಳಿಗೆ ಬೀಳುತ್ತವೆ. ದರಕು ಗುಡಿಸುವುದು ಯಾವಾಗ? ಜನವರಿಯಿಂದ ಮಾರ್ಚ್. ಬಿರುಸಾದ ಹಿಡಿಯಿಂದ (ಕಡ್ಡಿ ಪೊರಕೆಯಿಂದ) ಗುಡಿಸಿ ರಾಶಿ ಮಾಡಿ ಹೊರೆ ಕಟ್ಟಿದಾಗ ಎಲೆಯ ಜೊತೆ ಆ ವರ್ಷದ ಬೀಜವೂ ಕೊಟ್ಟಿಗೆಗೆ ಬಂದು ದನದ ಕಾಲಡಿ ಸೇರಿ ಗೊಬ್ಬರಗುಂಡಿಯಲ್ಲಿ ಕೊಳೆಯುತ್ತದೆ. ಮುಂಚೆಯೂ ಹೀಗೆಯೇ ಗುಡಿಸುತ್ತಿದ್ದರಲ್ಲ ಎನ್ನಬಹುದು. ಬೀಜದ ಮರಗಳು ಹೆಚ್ಚಿದ್ದಾಗ, ಮೇಲಿನ ಕೊಂಬೆಗಳನ್ನು ಕಾಯಿ ಕಟ್ಟಲು ಬಿಟ್ಟಾಗ ಒಂದಷ್ಟು ತಪ್ಪಿಸಿಕೊಂಡು ಉಳಿಯುತ್ತಿತ್ತು. ತುದಿವರೆಗೆ ಸೊಪ್ಪು ತೆಗೆದ ಮರದಲ್ಲಿ ಮೊದಲೇ ಕಾಯಿ ಕಡಿಮೆ.

ಹಾಗೆಂದು ದರಕು ಗುಡಿಸುವುದೇ ತಪ್ಪಲ್ಲ. ದಪ್ಪಗೆ ಎಲೆ ಕೂತಲ್ಲಿ ಬೀಳುವ ರೆಕ್ಕೆಬೀಜ ಮಣ್ಣು ಮುಟ್ಟದೆ ಮೊಳಕೆಯಲ್ಲೇ ಒಣಗುತ್ತದೆ, ತೆಳುವಾಗಿ ಎಲೆ ಇದ್ದಲ್ಲಿ ಚೆನ್ನಾಗಿ ಹುಟ್ಟುತ್ತದೆ. ಆದ್ದರಿಂದ ಮಾಡಬೇಕಾದ್ದು ಇಷ್ಟು. ಪ್ರತಿ ಎಕರೆಗೆ ನಾಲ್ಕೈದು ಬೀಜದ ಮರ ಗುರುತಿಸಿ, ಬೇರೆ ಬೇರೆ ಜಾತಿಯವು. ಅವುಗಳ ಸೊಪ್ಪು ಕಡಿಯುವಂತಿಲ್ಲ, ಸುತ್ತ 30 ಅಡಿ ಗುಡಿಸುವಂತಿಲ್ಲ. ಬೇರೆ ಕಡೆ ಹಿಡಿಯ ಬದಲು ಅಗಲ ಹಲ್ಲಿನ ಮರದ ಹಲುಬೆಯಲ್ಲಿ ಎಳೆಯಿರಿ, ಹೊರೆ ಕಟ್ಟುವ ಮೊದಲು ಅಲ್ಲೇ ಎರಡು ಸಲ ಕೊಡವಿ. ಎಲೆಗಿಂತ ಭಾರವಾದ ಕಾಯಿಗಳಲ್ಲಿ ಬಹಳಷ್ಟು ಕೆಳಗೆ ಉದುರುತ್ತವೆ. ಫೆಬ್ರವರಿ ಕೊನೆಗೆ ದರಕು ತರುವುದನ್ನು ನಿಲ್ಲಿಸಿ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಮತ್ತಿ, ಹೊನ್ನೆಯ ಸಸಿ ಮೊದಲ ಬೇಸಿಗೆಯಲ್ಲಿ ನೆಲದ ಮಟ್ಟಕ್ಕೆ ಒಣಗುತ್ತದೆ. ಅದು ಸತ್ತಿಲ್ಲ. ಬೇರು ಜೀವಂತ ಇದ್ದು ಮಳೆ ಬಿದ್ದೊಡನೆ ಮತ್ತೆ ಚಿಗುರುತ್ತದೆ, ಮರುವರ್ಷ ಮತ್ತೆ ಒಣಗುತ್ತದೆ. ಹೀಗೆ ಹಲವು ವರ್ಷ ಬೇರನ್ನು ದಪ್ಪ ಮಾಡಿಕೊಂಡು, ಸಾಕಷ್ಟು ಬಲ ಬಂದ ಮೇಲೆ ಒಂದೇ ಸಲ ಮೇಲೆದ್ದು ಬಿಡುತ್ತದೆ. ನಿಮ್ಮ ಬೆಟ್ಟದಲ್ಲಿ ಒಂದು ಗೇಣು ಎತ್ತರದ, ನಾಲ್ಕೈದು ಚಿಗುರಿನ ಮತ್ತಿ ಗಿಡ ಸಿಕ್ಕರೆ ಬುಡದ ಮಣ್ಣನ್ನು ಬೆರಳಿನಿಂದ ಕೆದಕಿ. ಚಿಗುರು ಕಡ್ಡಿಯಷ್ಟು, ಬೇರು ಹೆಬ್ಬೆರಳಿನಷ್ಟು ಇದ್ದರೆ ಅದು ಈ ವರ್ಷದ ಸಸಿಯಲ್ಲ. ಕರಡ (ಒಣಹುಲ್ಲು) ಕೊಯ್ಯುವಾಗ, ಕುರುಚಲು ಸವರುವಾಗ ಪ್ರತಿ ವರ್ಷ ಕುಡಗೋಲಿಗೆ ಸಿಕ್ಕಿ ಸಿಕ್ಕಿ ಕುಗ್ಗಿ ಕೂತ ಹಳೆಯ ಗಿಡ ಅದು.

ಅಂಥದು ಸಿಕ್ಕರೆ ನಿಮಗೆ ಒಂದು ಸಸಿಯ ಖರ್ಚು ಉಳಿಯಿತು. ಮೇ ಕೊನೆಯಲ್ಲಿ, ಮೊದಲ ಮಳೆಯ ಹೊತ್ತಿಗೆ, ಡೊಂಕಾದ ಹಳೆಯ ಚಿಗುರುಗಳನ್ನೆಲ್ಲ ಹರಿತವಾದ ಕತ್ತಿಯಿಂದ ನೆಲದ ಮಟ್ಟಕ್ಕೆ ಸವರಿ. ಆಗಸ್ಟ್‌ಗೆ ಬರುವ ಹೊಸ ಚಿಗುರುಗಳಲ್ಲಿ ನೆಟ್ಟಗಿರುವ ಒಂದನ್ನು ಬಿಟ್ಟು ಉಳಿದವನ್ನು ಕೈಯಿಂದ ಮುರಿಯಿರಿ. ಪಕ್ಕದಲ್ಲಿ ನಾಲ್ಕು ಅಡಿ ಬಿದಿರು ಗೂಟ ನೆಟ್ಟು ಬಿಳಿ ಬಟ್ಟೆಯ ಚೂರು ಕಟ್ಟಿ. ಹುಲ್ಲು ಕೊಯ್ಯಲು ಬರುವವರಿಗೆ ಹೇಳಿದ ಮಾತು ಮರೆತುಹೋಗುತ್ತದೆ, ಬಟ್ಟೆ ಕಾಣುತ್ತದೆ. ಇದೇ ಬೇರಿನಿಂದ ಬರುವ ಗಿಡ ನರ್ಸರಿ ಸಸಿಯನ್ನು ಬೆಳವಣಿಗೆಯಲ್ಲಿ ಸುಲಭವಾಗಿ ಹಿಂದೆ ಹಾಕುತ್ತದೆ.

ಮುಳ್ಳುಕಂಟಿಗೆ ಕತ್ತಿ ಹಾಕುವ ಮೊದಲು

ಕುರುಚಲು ಎಂದು ಒಂದೇ ಮಾತಿನಲ್ಲಿ ಹೇಳುವುದರೊಳಗೆ ಎರಡು ಬೇರೆ ಸಂಗತಿಗಳಿವೆ. ಒಂದು, ಊರಿನದೇ ಪೊದೆಗಳು: ಕವಳಿ, ಬಿಳಿಮುಳ್ಳು, ಕಾರೆ, ಕೇಪಳ, ನೆಕ್ಕರಿಕ, ಸೀಗೆ. ಎರಡನೆಯದು ಹೊರಗಿನಿಂದ ಬಂದ ಯುಪಟೋರಿಯಂ ಮತ್ತು ಲಂಟಾನ.

ಮೊದಲನೆಯ ಗುಂಪನ್ನು ಮುಟ್ಟಬೇಡಿ. ಕವಳಿ ಪೊದೆಯ ಅಂಚಿನಲ್ಲಿ ಬಗ್ಗಿ ನೋಡಿ. ಬಯಲಿನಲ್ಲಿ ಒಂದೂ ಕಾಣದ ನೇರಳೆ, ಮತ್ತಿ, ತಾರೆಯ ಗಿಡ ಅಲ್ಲಿ ಸೊಂಟದೆತ್ತರ ನಿಂತಿರುವ ಸಾಧ್ಯತೆ ಹೆಚ್ಚು. ದನದ ಬಾಯಿ ಮುಳ್ಳಿನೊಳಗೆ ಹೋಗುವುದಿಲ್ಲ, ಮಧ್ಯಾಹ್ನದ ಬಿಸಿಲು ನೇರ ಬೀಳುವುದಿಲ್ಲ, ಮಣ್ಣಿನಲ್ಲಿ ತೇವ ತಡೆದು ನಿಲ್ಲುತ್ತದೆ. ಮೇ ತಿಂಗಳಲ್ಲಿ ಕವಳಿ ಹಣ್ಣಿಗೆ ಬರುವ ಪಿಕಳಾರ ಹಕ್ಕಿ ಬೇರೆ ಮರದ ಬೀಜವನ್ನು ಅಲ್ಲೇ ಬಿಟ್ಟು ಹೋಗುತ್ತದೆ. ಒಟ್ಟಿನಲ್ಲಿ ದುಡ್ಡಿಲ್ಲದೆ ಸಿಕ್ಕ ಬೇಲಿ, ನೆರಳು, ನರ್ಸರಿ ಮೂರೂ ಅದೇ. ಒಳಗಿನ ಗಿಡ ತಲೆಯೆತ್ತರಕ್ಕೆ ಬಂದ ಮೇಲೆ ಅದರ ಮೇಲೆ ಒರಗಿದ ಮುಳ್ಳುಕೊಂಬೆಗಳನ್ನಷ್ಟೇ ಸವರಿ ಬೆಳಕು ಬಿಡಿ. ಸೀಗೆಬಳ್ಳಿ ಮರದ ನೆತ್ತಿ ಮುಚ್ಚಿದ್ದರೆ ಮಾತ್ರ ಬುಡದಲ್ಲಿ ಕಡಿಯಬಹುದು. ಮೇಲಿನ ಬಳ್ಳಿಯನ್ನು ಎಳೆಯಲು ಹೋಗಬೇಡಿ, ಒಣಗಿ ತಾನಾಗಿ ಬೀಳಲಿ.

ಯುಪಟೋರಿಯಂ ಹಾಗಲ್ಲ. ಬೆಳಕು ಬಿದ್ದಲ್ಲೆಲ್ಲ ಒತ್ತಾಗಿ ಬೆಳೆದು ಸಸಿಗಳ ಉಸಿರು ಕಟ್ಟಿಸುತ್ತದೆ, ಬೇಸಿಗೆಯಲ್ಲಿ ಒಣಗಿ ನಿಂತು ಬೆಂಕಿಯನ್ನು ನೆಲದಿಂದ ಎದೆಮಟ್ಟಕ್ಕೆ ಏರಿಸುತ್ತದೆ. ಕತ್ತಿಯಿಂದ ಸವರಿದರೆ ಬುಡದಿಂದ ಒಂದಕ್ಕೆ ನಾಲ್ಕು ಚಿಗುರು. ಮಣ್ಣು ಮೆತ್ತಗಿರುವ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಬುಡದ ಗಂಟು ಸಮೇತ ಕೀಳಬೇಕು. ಹೂ ಬಿಡುವುದು ನವೆಂಬರ್ ನಂತರ. ಅದಕ್ಕೆ ಮೊದಲೇ ಕಿತ್ತರೆ ಹಸಿಯದನ್ನು ಹಾಗೇ ತೋಟಕ್ಕೆ ಹಾಸಬಹುದು. ಹೂ ಬಂದ ಮೇಲೆ ತೋಟಕ್ಕೆ ತಂದರೆ ಬೀಜವನ್ನೂ ತಂದಂತೆ. ಒಂದೇ ವರ್ಷ ಹನ್ನೊಂದು ಎಕರೆ ಕೀಳಲು ಹೊರಡಬೇಡಿ. ಬರಿದಾದ ನೆಲಕ್ಕೆ ಮುಂದಿನ ವರ್ಷ ಅದೇ ಮರಳಿ ಬರುತ್ತದೆ. ವರ್ಷಕ್ಕೆ ಮೂರು ಎಕರೆ, ಅದೇ ತುಂಡಿನಲ್ಲಿ ಸತತ ಮೂರು ವರ್ಷ ಕೀಳಿ. ಮೇಲೆ ಮರದ ನೆರಳು ಕೂಡಿದಲ್ಲಿ ಅದು ತಾನಾಗಿ ಸೊರಗುತ್ತದೆ.

ಲಂಟಾನ ಕೀಳಲು ಬಾರದು, ಬೇರು ಗಟ್ಟಿ. ಬುಡದ ಸುತ್ತ ಮಣ್ಣು ಸರಿಸಿ, ನೆಲದ ಮಟ್ಟದಿಂದ ಎರಡು ಇಂಚು ಕೆಳಗೆ ತಾಯಿಬೇರನ್ನು ಗುದ್ದಲಿಯಿಂದ ಕಡಿಯಿರಿ. ಚಿಗುರುವ ಕಣ್ಣುಗಳಿರುವುದು ಆ ಎರಡು ಇಂಚಿನೊಳಗೆ. ಕಡಿದ ಪೊದೆಯನ್ನು ಬೇರು ಮೇಲಾಗಿ ಮಗುಚಿ ಇನ್ನೊಂದು ಪೊದೆಯ ಮೇಲೆ ಒಣಗಲು ಬಿಡಿ. ಕೊಂಬೆ ಮಣ್ಣಿಗೆ ತಾಗಿದರೆ ಅಲ್ಲೇ ಬೇರೂರುತ್ತದೆ.

ಸೊಪ್ಪು ಕಡಿಯುವ ಲೆಕ್ಕ

ತುದಿಯಿಂದ ಒಣಗುವುದಕ್ಕೆ ಗೆದ್ದಲನ್ನು ದೂರುವವರು ಬಹಳ. ತೊಗಟೆಯ ಮೇಲೆ ಮಣ್ಣುಹೊದಿಕೆ ಕಟ್ಟುವ ಗೆದ್ದಲು ಸಾಮಾನ್ಯವಾಗಿ ತಿನ್ನುವುದು ಸತ್ತ ಹೊರತೊಗಟೆಯನ್ನು. ನಿಜವಾದ ಕಾರಣ ಹಸಿವು. ಮತ್ತಿ ಎಲೆ ಉದುರಿಸಿ, ಏಪ್ರಿಲ್-ಮೇ ಹೊತ್ತಿಗೆ ಹೊಸ ಎಲೆ ಬಿಡುವುದು ಕಾಂಡ-ಬೇರಿನಲ್ಲಿ ಕೂಡಿಟ್ಟ ಪಿಷ್ಟದ ಬಲದಿಂದ. ಆ ಎಲೆ ಬಲಿತು ಸಾಲ ತೀರಿಸುವ ಮೊದಲೇ ಜೂನ್‌ನಲ್ಲಿ ಕಡಿದರೆ ಮರ ಮತ್ತೆ ಕೂಡಿಟ್ಟದ್ದನ್ನೇ ತೆಗೆದು ಚಿಗುರಬೇಕು. ಪ್ರತಿ ವರ್ಷ ಹೀಗಾದರೆ ಬೇರಿಗೆ ಪಾಲು ಸಿಗದೆ, ನೀರು ತಲುಪದ ತುದಿ ಮೊದಲು ಸಾಯುತ್ತದೆ. ಆದ್ದರಿಂದ ಮಾರ್ಚ್‌ನಿಂದ ಜುಲೈ ನಡುವಿನವರೆಗೆ ಹಸಿ ಸೊಪ್ಪಿಗೆ ಕತ್ತಿ ಹಚ್ಚಬಾರದು. ಎಲೆ ಬಲಿತು ಕಡುಹಸಿರಾದ ಮೇಲೆ ಕಡಿಯಬಹುದು, ದೊಡ್ಡ ಮಳೆ ಇಳಿದ ಸೆಪ್ಟೆಂಬರ್‌ನಿಂದ ನವೆಂಬರ್ ಎಲ್ಲಕ್ಕಿಂತ ಒಳ್ಳೆಯದು. ಗಾಯ ಬೇಗ ಒಣಗುತ್ತದೆ, ಎಲೆಯಲ್ಲಿ ಸಾರಜನಕವೂ ಇನ್ನೂ ಇರುತ್ತದೆ. ಉದುರುವ ಮುಂಚೆ ಮರ ಎಲೆಯ ಸಾರಜನಕದಲ್ಲಿ ಸುಮಾರು ಅರ್ಧವನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಹಸಿ ಸೊಪ್ಪಿಗೂ ದರಕಿಗೂ ಇರುವ ವ್ಯತ್ಯಾಸ ಇದೇ. ದರಕನ್ನು ನೇರವಾಗಿ ಬುಡಕ್ಕೆ ಹಾಕದೆ ದನದ ಕಾಲಡಿ ಹಾಕಿ ಸಗಣಿ-ಗಂಜಲದ ಜೊತೆ ಕೊಳೆಸುವ ಹಳೆಯ ಪದ್ಧತಿ ಅದಕ್ಕೇ ಸರಿ.

ಮರ ಹತ್ತಿದವರಿಗೆ ಇಷ್ಟು ಹೇಳಿ. ಮರದ ಎತ್ತರದಲ್ಲಿ ಮೇಲಿನ ಮೂರನೆಯ ಒಂದು ಭಾಗ ಮುಟ್ಟುವಂತಿಲ್ಲ, ನಡುಕುಡಿಯನ್ನಂತೂ ಖಂಡಿತ ಇಲ್ಲ. ಮಣಿಕಟ್ಟಿಗಿಂತ ದಪ್ಪದ ಕೊಂಬೆ ಕಡಿಯಬೇಡಿ. ಅದರ ಗಾಯ ಮುಚ್ಚಲು ವರ್ಷಗಟ್ಟಲೆ ಬೇಕು, ಅಷ್ಟರಲ್ಲಿ ನೀರಿಳಿದು ಒಳಗಿನ ತಿರುಳು ಕೊಳೆತು ಮರ ಪೊಳ್ಳಾಗುತ್ತದೆ. ಕಾಂಡಕ್ಕೆ ಅಂಟಿಸಿ ಕಡಿಯದೆ ಒಂದು ಗೇಣು ಬಿಡಿ, ಮುಂದಿನ ಚಿಗುರು ಬರುವುದು ಆ ತುಂಡಿನ ಮೇಲಿನ ಮಲಗಿದ ಕಣ್ಣುಗಳಿಂದ. ಮೊದಲು ಕೆಳಗಿನಿಂದ ಒಂದು ಕಚ್ಚು, ಆಮೇಲೆ ಮೇಲಿನಿಂದ ಏಟು. ಇಲ್ಲದಿದ್ದರೆ ಕೊಂಬೆ ಬೀಳುವಾಗ ಕಾಂಡದ ತೊಗಟೆಯನ್ನು ಮೊಳದುದ್ದ ಸುಲಿದುಕೊಂಡು ಹೋಗುತ್ತದೆ. ಮೊಂಡು ಕತ್ತಿಯಿಂದ ಮರಕ್ಕೂ ಕಷ್ಟ, ಹತ್ತಿದವರಿಗೂ ಕಷ್ಟ. ಚಗಳಿ (ಕೆಂಪಿರುವೆ) ಗೂಡು ಇರುವ ಮರವನ್ನು ಚಟ್ನಿ ಬೇಕಾದವರಿಗೆ ಬಿಡಿ.

ಈಗ ಕೂಡಿಸಿ ಕಳೆಯೋಣ. ಅಡಿಕೆಗೆ ಕಾಸರಗೋಡಿನ ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆಯ (ಸಿಪಿಸಿಆರ್‌ಐ) ಶಿಫಾರಸು ಮರವೊಂದಕ್ಕೆ ವರ್ಷಕ್ಕೆ 12 ಕೆಜಿ ಹಸಿ ಸೊಪ್ಪು, 12 ಕೆಜಿ ಕಾಂಪೋಸ್ಟ್, ಜೊತೆಗೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್. ಒಂಬತ್ತಡಿ ಅಂತರದಲ್ಲಿ ಎಕರೆಗೆ ಸುಮಾರು 550 ಮರದಂತೆ ನಿಮ್ಮ ಎರಡು ಎಕರೆಗೆ 1,100 ಮರ. ಬೇಕಾದ ಸೊಪ್ಪು 13,200 ಕೆಜಿ.

ಹನ್ನೊಂದು ಎಕರೆಯಲ್ಲಿ ನೆತ್ತಿಯ ಕಡೆಯ, ಇಳಿಜಾರು ಹೆಚ್ಚಿರುವ ಎರಡು ಎಕರೆಯನ್ನು ಕಡಿಯದೆ ಬಿಡಿ. ಉಳಿದ ಒಂಬತ್ತನ್ನು ಮೂರು ಮೂರು ಎಕರೆಯ ತುಂಡು ಮಾಡಿ ವರ್ಷಕ್ಕೊಂದರಂತೆ ಸೊಪ್ಪು ತೆಗೆದರೆ ಒಂದು ಮರಕ್ಕೆ ಮೂರು ವರ್ಷಕ್ಕೊಮ್ಮೆ ಸರದಿ ಬರುತ್ತದೆ. ಎಕರೆಗೆ ಕಡಿಯಲು ಯೋಗ್ಯವಾದ 50 ಮರ, ಮರಕ್ಕೆ 20 ಕೆಜಿ ಎಂದಿಟ್ಟುಕೊಂಡರೆ ಸಿಗುವುದು 3,000 ಕೆಜಿ. ನಿಮ್ಮಲ್ಲಿ ನಾಲ್ಕು ಮರದ ಸೊಪ್ಪನ್ನು ತೂಕ ಹಾಕಿ ಈ 20ನ್ನು ತಿದ್ದಿಕೊಳ್ಳಿ. ಹೇಗೆ ತಿದ್ದಿದರೂ ಬೇಕಾದ್ದಕ್ಕೂ ಸಿಗುವುದಕ್ಕೂ ದೊಡ್ಡ ಅಂತರವಿದೆ. ಆ ಅಂತರವನ್ನು ಇಷ್ಟು ವರ್ಷ ತುಂಬಿದ್ದು ಮರದ ಮೂಲಧನ. ಈಗ ತುದಿ ಒಣಗುತ್ತಿರುವುದು ಅದೇ.

ಕೊರತೆಯನ್ನು ತೋಟದೊಳಗಿನಿಂದಲೇ ತುಂಬಿಸಲು ನೋಡಿ. ಅಡಿಕೆ ಮರ ವರ್ಷಕ್ಕೆ ಆರೇಳು ಸೋಗೆ ಉದುರಿಸುತ್ತದೆ, ಅಂದರೆ ನಿಮ್ಮಲ್ಲಿ ಆರೂವರೆ ಸಾವಿರಕ್ಕೂ ಹೆಚ್ಚು. ಅದನ್ನು ಒಲೆಗೆ, ಬೇರೆ ಕೆಲಸಕ್ಕೆ ಕೊಡುವುದನ್ನು ಕಡಿಮೆ ಮಾಡಿ ಕತ್ತರಿಸಿ ಬುಡಕ್ಕೆ ಹಾಸಿ. ತೋಟದ ಬೇಲಿಗುಂಟ ಮೂರು ಅಡಿಗೊಂದರಂತೆ ಗೊಬ್ಬರದ ಗಿಡ, ಅಂದರೆ ಗ್ಲಿರಿಸಿಡಿಯಾ, ಹಾಕಿ. ಹೆಬ್ಬೆರಳಿಗಿಂತ ದಪ್ಪದ ಮೂರಡಿ ಗೂಟ ಮೊದಲ ಮಳೆಗೆ ನೆಟ್ಟರೆ ಬದುಕುತ್ತದೆ. ಬಲಿತ ಗಿಡವನ್ನು ವರ್ಷಕ್ಕೆ ಎರಡು-ಮೂರು ಸಲ ಕಡಿದರೆ 5ರಿಂದ 10 ಕೆಜಿ ಸೊಪ್ಪು. 400 ಗಿಡ ಇದ್ದರೆ 2,000ದಿಂದ 4,000 ಕೆಜಿ. ಕಿತ್ತ ಯುಪಟೋರಿಯಂ ಮತ್ತಷ್ಟು ಸೇರಿಸುತ್ತದೆ. ಇಷ್ಟಾದರೂ ಕೆಲವು ವರ್ಷ 12 ಕೆಜಿ ತಲುಪುವುದಿಲ್ಲ. ಕೊಟ್ಟಿಗೆ ಗೊಬ್ಬರದಿಂದ ಸರಿದೂಗಿಸಿ, ಮರಕ್ಕೆ ಕೈ ಹಾಕಬೇಡಿ.

ತುದಿ ಒಣಗಿದ ಮರದ ತೊಗಟೆಯನ್ನು ಎದೆಮಟ್ಟದಲ್ಲಿ ಚಾಕುವಿನಿಂದ ಉಗುರಗಲ ಕೆರೆದು ನೋಡಿ. ಒಳಗೆ ಹಸಿ ಇದ್ದರೆ ನಾಲ್ಕು ವರ್ಷ ಸಂಪೂರ್ಣ ಬಿಡುವು ಕೊಡಿ, ಹೆಚ್ಚಿನವು ಕೆಳಗಿನ ಕೊಂಬೆಗಳಿಂದ ಹೊಸ ನೆತ್ತಿ ಕಟ್ಟಿಕೊಳ್ಳುತ್ತವೆ. ಪೂರ್ತಿ ಸತ್ತ ಮರ ಎಕರೆಗೆ ಒಂದೆರಡು ನಿಂತಿದ್ದರೆ ನಿಂತಿರಲಿ, ಮರಕುಟಿಗ ಕೊರೆದ ಪೊಟರೆಗೆ ಬೇರೆ ಬಾಡಿಗೆದಾರರು ಬರುತ್ತಾರೆ.

ಮರದ ಮೇಲೇ ಬೇರೂರಿ ಅದರ ಸಾರ ಹೀರುವ ಬಂದಳಿಕೆ ಇದೆಯೇ ಎಂದೂ ಕತ್ತೆತ್ತಿ ನೋಡಿ. ಎಲೆ ಉದುರಿದ ಮರದಲ್ಲಿ ಒಂದೇ ಕೊಂಬೆಗೆ ದಪ್ಪ ಹಸಿರೆಲೆಯ ಗೊಂಚಲು ಕಂಡರೆ ಅದೇ. ಅದರ ಅಂಟುಬೀಜವನ್ನು ಮರದಿಂದ ಮರಕ್ಕೆ ಒರಸಿ ಹಚ್ಚುವುದು ಬದನಿಕೆ ಹಕ್ಕಿ. ಸೊಪ್ಪನ್ನಷ್ಟೇ ತರಿದರೆ ಮತ್ತೆ ಬರುತ್ತದೆ, ಬೇರು ಮರದ ಒಳಗಿರುತ್ತದೆ. ಅಂಟಿದ ಜಾಗಕ್ಕಿಂತ ಒಂದು ಅಡಿ ಕಾಂಡದ ಕಡೆಗೆ ಸರಿದು ಕೊಂಬೆಯನ್ನೇ ಕಡಿಯಬೇಕು, ಹಣ್ಣಾಗುವ ಮೊದಲು.

ಏನನ್ನು ನೆಡಬಹುದು

ಎಣಿಕೆಯಲ್ಲಿ ಎರಡು ಮೊದಲ ಸಾಲುಗಳೂ ಖಾಲಿ ಕಂಡ ಚೌಕಗಳ ಸುತ್ತ ಮಾತ್ರ ನೆಡಿ. ಹನ್ನೊಂದು ಎಕರೆಗೆ ಮೊದಲ ವರ್ಷ 150 ಗಿಡ ಸಾಕು. ನೀರು, ಕಾವಲು ಅಷ್ಟಕ್ಕೇ ಆಗುವುದು.

ಮತ್ತಿಯ ಕಾಯಿಯನ್ನು ಮಾರ್ಚ್‌ನಲ್ಲಿ ಮರದಡಿಯಿಂದ ಆರಿಸಿ, ಎರಡು ದಿನ ನೀರಲ್ಲಿ ನೆನೆಸಿ, ಅದೇ ವರ್ಷ ಬಿತ್ತಬೇಕು. ಹೊನ್ನೆಯ ಚಕ್ಕೆಯಂಥ ಕಾಯಿಯ ರೆಕ್ಕೆ ಕತ್ತರಿಸಿ, ಎರಡು-ಮೂರು ದಿನ ನೆನೆಸಿದರೆ ಬೇಗ ಮೊಳೆಯುತ್ತದೆ. ನೇರಳೆ ಬೀಜ ಹಣ್ಣಿನಿಂದ ತೆಗೆದ ಹತ್ತು-ಹದಿನೈದು ದಿನದೊಳಗೆ ಮಣ್ಣು ಸೇರಬೇಕು, ಒಣಗಿದರೆ ಸತ್ತಿತು. ಒಂದೇ ಬೀಜದಿಂದ ಎರಡು-ಮೂರು ಸಸಿ ಬಂದರೆ ಗಟ್ಟಿಯಾದ ಒಂದನ್ನು ಉಳಿಸಿ. ಉಪ್ಪಾಗೆ ಬೀಜ ಆರು ತಿಂಗಳು ಸುಮ್ಮನೆ ಕೂತರೂ ಚೀಲ ಚೆಲ್ಲಬೇಡಿ, ಅದರ ಸ್ವಭಾವವೇ ಹಾಗೆ. ಮುರುಗಲಿನಲ್ಲಿ ಗಂಡು-ಹೆಣ್ಣು ಮರ ಬೇರೆ ಬೇರೆ. ಬೀಜದ ಗಿಡವಾದರೆ ಆರೇಳನ್ನು ಹತ್ತಿರ ಹತ್ತಿರ ಹಾಕಿ. ಬೀಟೆಯನ್ನು ಬೀಜದಿಂದ ಎಬ್ಬಿಸುವ ಗೋಜೇ ಬೇಡ. ದೊಡ್ಡ ಬೀಟೆ ಇದ್ದರೆ ಕಾಂಡದಿಂದ ಹತ್ತು-ಹದಿನೈದು ಅಡಿ ದೂರ ಒಂದು ಅಡಿ ಆಳದ ಸಣ್ಣ ಕಾಲುವೆ ತೋಡಿ, ಕತ್ತರಿಸಿದ ತೆಳು ಬೇರುಗಳಿಂದ ಮಳೆಗಾಲದಲ್ಲಿ ಮರಿಗಳು ಏಳುತ್ತವೆ. ಇದನ್ನು ಒಂದೇ ಪಕ್ಕ ಮಾಡಿ, ಸುತ್ತಲೂ ಬೇಡ.

ಎಲೆ ಉದುರಿಸುವ ಜಾತಿಗಳ ನಡುವೆ ನೇರಳೆ, ಉಪ್ಪಾಗೆ, ಮುರುಗಲು, ವಾಟೆ, ಹೆಬ್ಬಲಸು, ಅಪ್ಪೆಮಾವಿನಂಥ ನಿತ್ಯಹಸಿರು ಮರಗಳು ನಾಲ್ಕರಲ್ಲಿ ಒಂದರಷ್ಟಿರಲಿ. ಬೇಸಿಗೆಯಲ್ಲೂ ನೆಲ ತಂಪಾಗಿರುತ್ತದೆ, ಹಣ್ಣು-ಹುಳಿಯೂ ಸಿಗುತ್ತದೆ. ತೆರೆದ ಚಿರೇಕಲ್ಲಿನ ಮೇಲೆ ಇವು ಬಾರವು. ಅಲ್ಲಿಗೆ ಕೌಲು, ನೆಲ್ಲಿಯೇ ಸರಿ. ಕೌಲಿನ ದಪ್ಪ ತೊಗಟೆ ಬೆಂಕಿಯನ್ನೂ ತಡೆಯುತ್ತದೆ. ಹೊಳಗೇರು ಇದ್ದರೆ ಇರಲಿ, ಆದರೆ ಅದರ ಸೊನೆ ಕಪ್ಪಾಗಿ ಮೈ ಬೊಬ್ಬೆ ಎಬ್ಬಿಸುತ್ತದೆ, ಹೊರೆಯಲ್ಲಿ ಸೇರದಂತೆ ಹೊಸ ಆಳಿಗೆ ಮರ ತೋರಿಸಿ ಹೇಳಿ. ಕಾಸರಕದ ಸೊಪ್ಪು ತೋಟಕ್ಕೆ ಆದೀತು, ದನದ ಮುಂದೆ ಬೇಡ.

ಗುಂಡಿ ಒಂದೂವರೆ ಅಡಿ ಮೂರೂ ಕಡೆ. ಜೂನ್‌ನಲ್ಲಿ ನೆಲ ಚೆನ್ನಾಗಿ ನೆಂದ ಮೇಲೆ ಎರಡು ವರ್ಷ ವಯಸ್ಸಿನ, ಎರಡರಿಂದ ಮೂರು ಅಡಿಯ ಸಸಿ ನೆಡಿ. ಚೀಲದ ತಳದಲ್ಲಿ ಸುತ್ತಿಕೊಂಡ ಬೇರನ್ನು ಕತ್ತರಿಸದೆ ನೆಟ್ಟರೆ ಐದಾರು ವರ್ಷದ ಮೇಲೆ ಗಾಳಿಗೆ ಬುಡಸಮೇತ ಬೀಳುತ್ತದೆ. ಕವಳಿ, ಬಿಳಿಮುಳ್ಳಿನ ಪೊದೆ ಇದ್ದಲ್ಲಿ ಅದರ ಪೂರ್ವದ ಮಗ್ಗುಲಿಗೆ ಗುಂಡಿ ತೆಗೆಯಿರಿ. ಬೆಳಗಿನ ಬಿಸಿಲು ಸಿಕ್ಕಿ, ಮಧ್ಯಾಹ್ನದ ನಂತರದ ಉರಿ ಪೊದೆಯ ಮೇಲೆ ಬೀಳುತ್ತದೆ.

ಅಕೇಶಿಯಾ ಬೇಗ ಬೆಳೆಯುತ್ತದೆ, ದನ ತಿನ್ನುವುದಿಲ್ಲ, ಸೌದೆಯಾಗುತ್ತದೆ. ಬರಡು ಗುಡ್ಡಕ್ಕೆ ಅದರದೇ ಉಪಯೋಗ ಇದ್ದೀತು. ಆದರೆ ಅದರ ಎಲೆಯಂತೆ ಕಾಣುವುದು ಎಲೆಯಲ್ಲ, ಚಪ್ಪಟೆಯಾದ ತೊಟ್ಟು. ತೊಗಲಿನಂತೆ ಗಟ್ಟಿ, ಮತ್ತಿಯ ಸೊಪ್ಪು ಮಣ್ಣಾದ ಮೇಲೂ ಅದು ಹಾಗೇ ಇರುತ್ತದೆ. ಕೊಂಬೆ ಕಡಿದರೆ ಮತ್ತಿಯ ಹಾಗೆ ಮತ್ತೆ ಮತ್ತೆ ಚಿಗುರಿ ಕೊಡುವ ಮರವೂ ಅದಲ್ಲ. ಸೊಪ್ಪಿಗಾಗಿ ಇರುವ ಬೆಟ್ಟಕ್ಕೆ ಸೊಪ್ಪು ಕೊಡದ ಮರ ಹಾಕುವುದು ಯಾವ ಲೆಕ್ಕ?

ದನ, ಬೆಂಕಿ, ಉಣುಗು

ಮೂರು ಎಕರೆಯ ತುಂಡುಗಳಲ್ಲಿ ಒಂದನ್ನು ದನಕ್ಕೆ ಮುಚ್ಚಿ. ಅಲ್ಲಿಗೆ ಗಿಡಗಳು ಆರು ಅಡಿ ದಾಟುವವರೆಗೆ, ಅಂದರೆ ನಾಲ್ಕೈದು ವರ್ಷ, ದನ ಬಿಡಬೇಡಿ. ಹಳೆಯ ಅಗಳ ಇದ್ದರೆ ಹೂಳು ತೆಗೆದು ಮಣ್ಣನ್ನು ಒಳಮಗ್ಗುಲಿಗೆ ಏರಿ ಹಾಕಿ, ಏರಿಯ ಮೇಲೆ ಮುಳ್ಳುಗಿಡ ಬರಲಿ. ದನ ದಾಟುವುದು ಅಗಳ ಕುಸಿದ ಒಂದೆರಡು ಕಡೆ ಮಾತ್ರ, ಮೊದಲು ಅದನ್ನು ಹುಡುಕಿ.

ಬೆಂಕಿಗೆರೆ ಹತ್ತು ಅಡಿ ಅಗಲ ಇರಲಿ, ಡಿಸೆಂಬರ್ ಕೊನೆಗೆ ಸವರಿ ಗುಡಿಸಿ. ಎಲೆ ಉದುರಿದ ಮೇಲೆ ಫೆಬ್ರವರಿಯಲ್ಲಿ ಇನ್ನೊಮ್ಮೆ ಗುಡಿಸದಿದ್ದರೆ ಮೊದಲು ಮಾಡಿದ್ದು ವ್ಯರ್ಥ. ಗೆರೆಯಿಂದ ಸಿಕ್ಕ ದರಕು ಕೊಟ್ಟಿಗೆಗೆ ಬರುತ್ತದೆ, ಅಲ್ಲಿ ಬೀಜದ ಚಿಂತೆಯಿಲ್ಲ.

ದರಕು ತರುವ ಕಾಲವೂ ಮಂಗನ ಕಾಯಿಲೆಯ ಕಾಲವೂ ಒಂದೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಿದ ಈ ರೋಗ ಹರಡುವುದು ನೆಲದೆಲೆಯಲ್ಲಿರುವ ಉಣುಗಿನಿಂದ (ಉಣ್ಣೆ). ನವೆಂಬರ್‌ನಿಂದ ಮೇವರೆಗೆ ಅದರ ಹಾವಳಿ. ಬೆಟ್ಟಕ್ಕೆ ಹೋಗುವಾಗ ಮೈತುಂಬ ಬಟ್ಟೆ ಹಾಕಿ, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಹಚ್ಚಿ, ಬಂದ ಮೇಲೆ ಬಿಸಿನೀರಲ್ಲಿ ಸೋಪು ಹಚ್ಚಿ ಮೀಯಿರಿ. ದರಕಿನ ರಾಶಿಯನ್ನು ಮನೆಯಂಗಳದಲ್ಲಿ ಹಾಕಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಆ ತುಂಡಿನಿಂದ ಆ ವರ್ಷ ದರಕು ತರಬೇಡಿ.

ಮೂರನೆಯ ವರ್ಷದ ಆಗಸ್ಟ್‌ನಲ್ಲಿ ಬಣ್ಣದ ಕಲ್ಲುಗಳ ನಡುವೆ ಅದೇ ಹತ್ತು ಗುಂಟೆಯನ್ನು ಮತ್ತೆ ಎಣಿಸಿ. ಎರಡನೆಯ ಸಾಲಿನ ಅಂಕಿ ಏರಿದ್ದರೆ ಇದೇ ಕ್ರಮ ಮುಂದುವರಿಸಿ, ಇನ್ನೊಂದು ತುಂಡು ಮುಚ್ಚಿ. ಮೊದಲ ಸಾಲು ಏರಿ ಎರಡನೆಯದು ಅಲ್ಲೇ ಇದ್ದರೆ ದನ ಎಲ್ಲಿಂದಲೋ ಒಳಗೆ ಬರುತ್ತಿದೆ ಅಥವಾ ಹುಲ್ಲು ಕೊಯ್ಯುವ ಕೈ ಗೂಟದ ಬಟ್ಟೆ ನೋಡುತ್ತಿಲ್ಲ. ಗಿಡದ ತುದಿ ಹರಿದಂತಿದ್ದರೆ ದನ, ಓರೆಯಾಗಿ ನುಣುಪಾಗಿ ತುಂಡಾಗಿದ್ದರೆ ಕುಡಗೋಲು.